ಹೊಗೆಸೊಪ್ಪು ಬಿಟ್ಟರೂ ಬಾಯಿ ಯಾಕೆ ಬಿಗಿಯುತ್ತಿದೆ?

ಕಾರಣ ಹೆಚ್ಚಾಗಿ ಅಡಿಕೆಯೇ. ನಿಮ್ಮ ತಂದೆ ಹೊಗೆಸೊಪ್ಪು ಬಿಟ್ಟಿದ್ದಾರೆ, ಈಗ ಬರೀ ಎಲೆ, ಸುಣ್ಣ, ಅಡಿಕೆ ಅಂತ ಬರೆದಿದ್ದೀರಿ. ಆದರೂ ಖಾರ ತಿಂದರೆ ಉರಿ, ಬಾಯಿ ಪೂರ್ತಿ ತೆರೆಯಲ್ಲ. ಇದು ಕೆನ್ನೆಯ ಒಳಭಾಗ ನಾರುಗಟ್ಟುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ಇರಬಹುದು. ನಮ್ಮ ಮಾವನಿಗೂ ಇದೇ ಇತ್ತು. ಇದೇ ಕ್ಯಾನ್ಸರ್ ಅಲ್ಲ, ಆದರೆ ಕೆಲವರಲ್ಲಿ ಮುಂದೆ ಹಾಗಾಗುತ್ತದೆ. ಹೊಗೆಸೊಪ್ಪಿಲ್ಲದ ಕವಳವೂ (ಎಲೆ-ಅಡಿಕೆಯೂ) ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲೇ ಹೇಳಿದೆ. ತೀರ್ಥಹಳ್ಳಿ ಕಡೆ ಅಡಿಕೆ ತೋಟದ ಮನೆಯಲ್ಲಿ ಈ ಮಾತು ಎತ್ತುವುದು ಕಷ್ಟ, ಗೊತ್ತು. ಬೆಳೆಯೋದು ಬೇರೆ, ಅಗಿಯೋದು ಬೇರೆ ಅಲ್ವಾ?

ಮೊದಲು ಎಲೆ ಸಂಚಿ ದೂರ ಇಡಿಸಿ. ಕಡಿಮೆ ಮಾಡುವುದಲ್ಲ, ಪೂರ್ತಿ ನಿಲ್ಲಿಸಬೇಕು. ಅವರದೇ ಮೂರು ಬೆರಳನ್ನು ಒಂದರ ಮೇಲೊಂದು ಜೋಡಿಸಿ ಮೇಲಿನ, ಕೆಳಗಿನ ಮುಂದಿನ ಹಲ್ಲುಗಳ ನಡುವೆ ಹಿಡಿಸುತ್ತದಾ ನೋಡಿ. ಬೆಳಕಲ್ಲಿ ಕೆನ್ನೆ ಒಳಗೆ, ನಾಲಿಗೆ ಅಡಿ ಬಿಳಿ ಅಥವಾ ಕೆಂಪು ಮಚ್ಚೆ ಇದೆಯಾ ನೋಡಿ.

ಮಚ್ಚೆ ಇಲ್ಲದಿದ್ದರೂ ಈ ವಾರವೇ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಹಲ್ಲಿನ ಅಥವಾ ಕಿವಿ-ಮೂಗು-ಗಂಟಲು ಡಾಕ್ಟರಿಗೆ ತೋರಿಸಿ. ಫೋಟೋ ನೋಡಿ ಯಾರೂ ಖಚಿತ ಹೇಳಲಾರರು. ಅನುಮಾನ ಬಂದರೆ ಸಣ್ಣ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ, ಅದಕ್ಕೆ ಹೆದರಿ ಮುಂದೂಡಬೇಡಿ. ಬಿಗಿತ ಪೂರ್ತಿ ಹೋಗುವುದು ಅಪರೂಪ. ಬಾಯಿ ತೆರೆಯುವ ವ್ಯಾಯಾಮ, ಇಂಜೆಕ್ಷನ್‌ನಿಂದ ಸ್ವಲ್ಪ ಸಡಿಲ ಆಗಬಹುದು. 2 ವಾರ ದಾಟಿದರೂ ಮಾಯದ ಹುಣ್ಣು ಅಥವಾ ಕತ್ತಲ್ಲಿ ಗಂಟು ಇದ್ದರೆ ನಾಳೆಯೇ ಹೊರಡಿ.