ಹಳೇ ಮನೆ ಮಾರಿಯಾಯಿತು, ಮನಸ್ಸು ಮಾತ್ರ ಅಲ್ಲೇ ಇದೆ. ಬಿಡೋದು ಹೇಗೆ?

ಆಸ್ತಿ ಪಾಲಾದ ಮೇಲೆ ಹಾಸನದ ಹಳೇ ಮನೆ ಮಾರಿ ಬೆಂಗಳೂರಿಗೆ ಬಂದಿದ್ದೀರಿ. ಕಣ್ಣು ಮುಚ್ಚಿದರೆ ಅದೇ ಜಗುಲಿ, ಅದೇ ಹಿತ್ತಲು. ಅಲ್ಲಿಂದ ತಂದ ಮೂಟೆಗಳನ್ನು ಇನ್ನೂ ಬಿಚ್ಚಿಲ್ಲ. ಅಣ್ಣನ ಜೊತೆ ಮಾತೂ ನಿಂತಿದೆ. 'ಆಗಿದ್ದು ಆಯ್ತು, ಬಿಟ್ಬಿಡು' ಅಂತ ಎಲ್ಲರೂ ಹೇಳುತ್ತಾರೆ, ಬಿಡೋದು ಹೇಗೆ ಅಂತ ಯಾರೂ ಹೇಳುವುದಿಲ್ಲ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ಮೂಡಿಗೆರೆ ಕಡೆ ಸಣ್ಣ ಕಾಫಿ ತೋಟ ನೋಡಿಕೊಂಡು ಇರುವವನು. ನಮ್ಮ ಮನೆಯಲ್ಲಿ ಕಂಡದ್ದು, ಓದಿ ತಿಳಿದದ್ದು ಎರಡನ್ನೂ ಸೇರಿಸಿ ಹೇಳುತ್ತೇನೆ.

ಮೊದಲು, ಆ ಮನೆಯನ್ನು ಮರೆಯಲೇಬೇಕು ಅಂತ ಹಟ ಹಿಡಿಯಬೇಡಿ. ಡೇನಿಯಲ್ ವೆಗ್ನರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1987ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಬಿಳಿ ಕರಡಿಯ ಬಗ್ಗೆ ಐದು ನಿಮಿಷ ಯೋಚಿಸಲೇಬೇಡಿ, ಆದರೂ ನೆನಪಾದರೆ ಗಂಟೆ ಬಾರಿಸಿ ಅಂತ ಜನರಿಗೆ ಹೇಳಿದ್ದರು. ಅವರು ಗಂಟೆ ಬಾರಿಸುತ್ತಲೇ ಇದ್ದರು. ಆಮೇಲೆ 'ಈಗ ಯೋಚಿಸಬಹುದು' ಅಂದಾಗ, ಮೊದಲಿನಿಂದಲೇ ಯೋಚಿಸಲು ಬಿಟ್ಟವರಿಗಿಂತ ಇವರಿಗೇ ಕರಡಿ ಜಾಸ್ತಿ ನೆನಪಾಯಿತು. ರಾತ್ರಿ ಜಗುಲಿ ಕಣ್ಣ ಮುಂದೆ ಬಂದರೆ ಬರಲಿ. ಅದರಲ್ಲಿ ನಿಮ್ಮ ದೌರ್ಬಲ್ಯ ಏನೂ ಇಲ್ಲ.

ಈಗ ನಮ್ಮ ಅಪ್ಪನ ವಿಷಯ. ಅವರಿಗೆ ಅರೇಬಿಕಾ ಜಾತಿಯ ಕಾಫಿ ಅಂದರೆ ಪ್ರಾಣ. ತೋಟದಲ್ಲಿ ಮನೆ ಹಿಂದಿನ ಬ್ಲಾಕ್ ತಾತ ನೆಟ್ಟಿದ್ದು. ಅದಕ್ಕೆ ಬಿಳಿ ಕಾಂಡ ಕೊರಕ ಎಂಬ ಹುಳ ಬಿತ್ತು. ನಮ್ಮಲ್ಲಿ ಎಲ್ಲರೂ ಬೋರರ್ ಅಂತಲೇ ಅನ್ನೋದು. ಎಲೆ ಹಳದಿಯಾಗಿ ಜೋತು ಬೀಳುತ್ತದೆ, ಕಾಂಡದ ಸುತ್ತ ಉಬ್ಬು ಏಳುತ್ತದೆ. ಅಲ್ಲಿ ಹಿಡಿದು ಬಗ್ಗಿಸಿದರೆ ಲಟಕ್ಕನೆ ಮುರಿಯುತ್ತದೆ. ಒಳಗೆಲ್ಲ ಹುಳ ಕೊರೆದ ಪುಡಿ ಗಟ್ಟಿಯಾಗಿ ತುಂಬಿರುತ್ತದೆ. ಅಷ್ಟು ಒಳಗೆ ಸೇರಿದ ಹುಳಕ್ಕೆ ಹೊರಗಿನಿಂದ ಹೊಡೆದ ಔಷಧಿ ತಲುಪುವುದಿಲ್ಲ. ಗಿಡ ಕಿತ್ತು ಸುಡಬೇಕು. ಏಪ್ರಿಲ್-ಮೇ, ಆಮೇಲೆ ಅಕ್ಟೋಬರ್‌ನಿಂದ ಡಿಸೆಂಬರ್, ಈ ಎರಡು ಕಾಲದಲ್ಲಿ ಆ ಹುಳ ದುಂಬಿಯಾಗಿ ಹೊರಗೆ ಹಾರುತ್ತದೆ. ಅದಕ್ಕೂ ಮುಂಚೆಯೇ ಸುಟ್ಟಿರಬೇಕು. ತಡಮಾಡಿದರೆ ಪಕ್ಕದ ಗಿಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ.

ಇದೆಲ್ಲ ಅಪ್ಪನಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಒಂದೊಂದು ಗಿಡದ ಹತ್ತಿರ ನಿಂತು 'ಇದೊಂದು ಇರಲಿ, ಮಳೆ ಬಿದ್ದರೆ ಚಿಗುರುತ್ತೆ' ಅನ್ನುತ್ತಿದ್ದರು. ಕೊನೆಗೆ ಅಮ್ಮ ಹೇಳಿದರು: 'ರೀ, ನಿಮ್ಮ ಮನಸ್ಸು ಒಪ್ಪೋವರೆಗೂ ಬೋರರ್ ಕಾಯಲ್ಲ. ಇವತ್ತು ಮೇಲಿನ ಸಾಲು ಒಂದು ಮುಗಿಸಿ ಬನ್ನಿ, ಸಾಕು.' ಅಪ್ಪ ಹೋದರು. ಕೀಳುವಾಗ ಆಳುಗಳ ಹತ್ತಿರ ತಾತನ ಕಾಲದ ಮಾತು ಆಡುತ್ತಾ ಕಿತ್ತರು. ಮರುದಿನ ಇನ್ನೊಂದು ಸಾಲು. ಮುಂದಿನ ಮಳೆಗಾಲಕ್ಕೆ ಅಲ್ಲಿ ರೋಬಸ್ಟಾ ಎಂಬ ಇನ್ನೊಂದು ಜಾತಿಯ ಕಾಫಿ ಸಸಿ ಕೂತವು.

ಅಪ್ಪನ ಬೇಜಾರು ಅಷ್ಟಕ್ಕೇ ಹೋಗಲಿಲ್ಲ. ಆದರೆ ದಿನಚರಿ ಬದಲಾಯಿತು. ಮೊದಲು ಸಂಕ್ರಾಂತಿ ಹೊತ್ತಿಗೆ ಆ ಬ್ಲಾಕಿನ ಕೊಯ್ಲು ಮುಗಿದಿರುತ್ತಿತ್ತು, ರೋಬಸ್ಟಾ ಬಂದ ಮೇಲೆ ಕೊಯ್ಲು ಜೋರಾಗುವುದೇ ಆ ಹೊತ್ತಿಗೆ. ಕಾಫಿ ಹೂ ಅರಳಿಸುವ ಬೇಸಿಗೆ ಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಹಾಕಬೇಕು, ಪೈಪ್ ಎಳೆಯಬೇಕು. ಹೀಗೆ ಕೈ ಹೊಸದನ್ನು ಕಲಿಯುತ್ತಾ ಹೋಯಿತು, ಮನಸ್ಸು ನಿಧಾನಕ್ಕೆ ಹಿಂದಿನಿಂದ ಬಂತು. ಅದಕ್ಕೇ ನಿಮಗೆ ಹೇಳುವುದು: ಮನಸ್ಸು ಮೊದಲು ಒಪ್ಪಲಿ, ಆಮೇಲೆ ಮುಂದಿನದು ನೋಡೋಣ ಅಂತ ಕಾಯಬೇಡಿ.

ಹಾಗಂತ ಹಿಂದೆ ತಿರುಗಿ ನೋಡಲೇಬಾರದು ಅಂತಲೂ ಇಲ್ಲ. ನನ್ನ ಅಜ್ಜಿಯ ಊರು ಹೇಮಾವತಿ ಹಿನ್ನೀರಿನಲ್ಲಿ ಹೋಯಿತು. ಗೊರೂರಿನ ಅಣೆಕಟ್ಟು ಮುಗಿದದ್ದು 1979ರಲ್ಲಿ. ಬೇಸಿಗೆಯಲ್ಲಿ ನೀರು ಇಳಿದು ಶೆಟ್ಟಿಹಳ್ಳಿಯ ಹಳೇ ಚರ್ಚಿನ ಗೋಡೆಗಳು ಪೂರ್ತಿ ಕಂಡಾಗ ಅಜ್ಜಿ ಆ ಕಡೆ ಹೋಗಿ ಬರುತ್ತಿದ್ದರು. ಯಾರ ಮನೆ ಎಲ್ಲಿತ್ತು, ಯಾವ ಗದ್ದೆಗೆ ಯಾವ ದಾರಿ ಅಂತ ನಮಗೆಲ್ಲ ತೋರಿಸುತ್ತಿದ್ದರು, ಅಳುತ್ತಲೂ ಇದ್ದರು. ಸಂಜೆ ಮನೆಗೆ ಬಂದು ಎಮ್ಮೆ ಹಾಲು ಕರೆಯುತ್ತಿದ್ದರು. ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶುಟ್ ಎಂಬ ಸಂಶೋಧಕರು 1999ರಲ್ಲಿ, ತಮ್ಮವರನ್ನು ಕಳೆದುಕೊಂಡವರ ಬಗ್ಗೆ ಬರೆಯುತ್ತಾ, ಇಂಥದ್ದನ್ನೇ ಹೇಳಿದ್ದಾರೆ. ನೊಂದ ಮನಸ್ಸು ಸ್ವಲ್ಪ ಹೊತ್ತು ಹೋದದ್ದರ ಕಡೆ, ಸ್ವಲ್ಪ ಹೊತ್ತು ಮುಂದಿನ ಬದುಕಿನ ಕಡೆ ಓಡಾಡುತ್ತದೆ. ಎರಡೂ ಬೇಕು. ಒಂದೇ ಕಡೆ ಸಿಕ್ಕಿಹಾಕಿಕೊಂಡರೆ ಕಷ್ಟ.

ನೀವು ಮೂಟೆಯಿಂದ ಶುರು ಮಾಡಿ. ಒಂದು ಭಾನುವಾರಕ್ಕೆ ಒಂದೇ ಮೂಟೆ. ಹಿತ್ತಾಳೆ ಚೊಂಬು ಸಿಕ್ಕರೆ ಅಟ್ಟಕ್ಕೆ ಹಾಕಬೇಡಿ, ದಿನಾ ಅದರಲ್ಲೇ ನೀರು ಕುಡಿಯಿರಿ. ತೊಟ್ಟಿಲು ಇದ್ದರೆ ಮಗು ಇರುವ ನೆಂಟರಿಗೆ ಕೊಡಿ. ಮುರಿದದ್ದನ್ನು ಗುಜರಿಗೆ ಹಾಕುವಾಗ ಅಳು ಬಂದರೆ ಅತ್ತುಬಿಡಿ, ತಪ್ಪೇನಿಲ್ಲ. ನಿದ್ದೆ, ಊಟ, ಕೆಲಸ ಎಲ್ಲ ವಾರಗಟ್ಟಲೆ ಕೆಟ್ಟಿದ್ದರೆ ಮಾತ್ರ ಒಬ್ಬರೇ ಸಹಿಸಿಕೊಂಡು ಇರಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹೊತ್ತಿಲ್ಲದ ಹೊತ್ತಿನಲ್ಲೂ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಇನ್ನೊಂದು ಮಾತು, ನನಗೆ ಇದೇ ಮುಖ್ಯ ಅನ್ನಿಸುತ್ತದೆ. ನಿಮ್ಮ ಪ್ರಶ್ನೆಯಲ್ಲಿ ಮನೆಯ ಬಗ್ಗೆ ನಾಲ್ಕು ಸಾಲು ಇದ್ದರೆ ಅಣ್ಣನ ಬಗ್ಗೆ ಎಂಟು ಸಾಲು ಇದೆ. ನೋವು ಮನೆ ಹೋದದ್ದಕ್ಕಾ, ಪಾಲು ಆದ ರೀತಿಗಾ? ಸ್ವಲ್ಪ ಕೂತು ಯೋಚಿಸಿ. ಮನೆ ವಾಪಸ್ ಬರಲ್ಲ, ಅದನ್ನು ಒಪ್ಪಿಕೊಳ್ಳಲೇಬೇಕು. ಅಣ್ಣ ಹಾಗಲ್ಲ, ಇನ್ನೂ ಇದ್ದಾರೆ. ಅವರ ಜೊತೆಗಿನ ಮಾತನ್ನೂ ಮನೆಯ ಲೆಕ್ಕಕ್ಕೇ ಸೇರಿಸಿ ಬಿಟ್ಟುಬಿಡಬೇಡಿ. ಹಬ್ಬಕ್ಕೋ ಜಾತ್ರೆಗೋ ಊರಿಗೆ ಹೋದಾಗ ಅವರ ಮನೆಗೂ ಹೋಗಿ. ಕಾಗದಪತ್ರ, ದುಡ್ಡಿನ ಮಾತು ಅವತ್ತು ಎತ್ತಬೇಡಿ. ಅತ್ತಿಗೆ ಊಟಕ್ಕೆ ಇರಿ ಅಂದರೆ ಇದ್ದು ಉಂಡು ಬನ್ನಿ.