ಅಮೆರಿಕದಲ್ಲಿ ಹೊರ ರಾಜ್ಯದಿಂದ ಬಂದು ಗಾಳ ಹಾಕೋರಿಗೆ ಲೈಸೆನ್ಸ್ ಫೀಸ್ ಜಾಸ್ತಿ ಯಾಕೆ, ಇದು ನ್ಯಾಯಾನಾ?
ಅಲ್ಲಿ ಒಂದೊಂದು ರಾಜ್ಯಕ್ಕೂ ಬೇರೆ ಲೈಸೆನ್ಸ್, ಯಾಕಂದ್ರೆ ಮೀನುಮರಿ ಬಿಡೋದು, ಕೆರೆ ನೋಡ್ಕೊಳ್ಳೋದು ಬಹುಪಾಲು ಈ ಫೀಸ್ ದುಡ್ಡಲ್ಲೇ, ಜೊತೆಗೆ ಅಲ್ಲಿನ 1950ರ ಕಾಯ್ದೆ ಪ್ರಕಾರ ಅಮೆರಿಕದ ಕೇಂದ್ರ ಸರ್ಕಾರ ಮೀನಿನ ಕೆಲಸಕ್ಕೆ ರಾಜ್ಯಗಳಿಗೆ ಅನುದಾನ ಹಂಚೋವಾಗ್ಲೂ ಲೈಸೆನ್ಸ್ ಇರೋರ ಸಂಖ್ಯೆ ಲೆಕ್ಕಕ್ಕೆ ಬರುತ್ತೆ. ನಮ್ಮ ಹಿರಿಯೂರು ಕಡೆ ಮಾರಿಕಣಿವೆ ಡ್ಯಾಮಿನ ದಡದಲ್ಲಿ ಬೆಳಗಿನ ಜಾವ ನಿಂತು ನೋಡಿ, ಹರಿಗೋಲಲ್ಲಿ ಒದ್ದೆ ಬಲೆ ಎಳ್ಕೊಂಡು ಬರೋರಿಗೆ ಕಾಟ್ಲಾನೋ ರೋಹುನೋ ಸಿಕ್ಕರೇನೇ ಅವತ್ತಿನ ಅನ್ನ, ನೀರು ನಂಬ್ಕೊಂಡೋರು ಎಲ್ಲಾ ಕಡೆನೂ ಇರ್ತಾರೆ, ಹಂಗಾಗಿ ಅವರ ನೀರಲ್ಲಿ ಮೀನು ಹಿಡಿಯೋಕೆ ಬರೋ ಹೊರಗಿನೋರು ಸ್ವಲ್ಪ ಜಾಸ್ತಿ ಕೊಡೋದು ನನಗೆ ನ್ಯಾಯಾನೇ ಅನ್ಸುತ್ತೆ. ಆದ್ರೆ ಎರಡು ದಿನಕ್ಕೆ ಬಂದೋರ ಹತ್ರ ವರ್ಷದ ಫೀಸ್ ಕಿತ್ಕೊಳ್ಳೋದು ತಪ್ಪು. ಸುಮಾರು ರಾಜ್ಯಗಳಲ್ಲಿ ಒಂದು ದಿನದ್ದು, ವಾರದ್ದು ಸಿಗುತ್ತೆ, ಟೂರ್ ಹೋಗೋರು ಅದನ್ನೇ ಕೇಳಿ ತಗೊಳ್ಳಿ.