ಪದಬಂಧ ಅರ್ಧಕ್ಕೆ ನಿಂತರೆ ಯಾರನ್ನು, ಹೇಗೆ ಕೇಳಬೇಕು?

ದಿನಪತ್ರಿಕೆಯ ಪದಬಂಧ ದಿನವೂ ಅರ್ಧಕ್ಕೆ ನಿಲ್ಲುತ್ತದೆ ಎಂದಿದ್ದೀರಿ. ‘ಸಮುದ್ರ (3)’ ಎಂಬ ಸುಳಿವಿಗೆ ‘ಸಾಗರ’ ಎಂದು ತುಂಬಿದ್ದೀರಿ, ಆದರೆ ಅದರ ನಡುವಿನ ಚೌಕದಿಂದ ಕೆಳಗಿಳಿಯುವ ‘ಬಳ್ಳಿ (2)’ ಅದಕ್ಕೆ ಕೂಡುತ್ತಿಲ್ಲ. ಮನೆಯವರನ್ನು ಕೇಳಿದರೆ ಅಥವಾ ನಿಘಂಟು ತೆರೆದರೆ ಮೋಸ ಮಾಡಿದಂತಾಗುತ್ತದೆಯೇ ಎಂಬುದು ನಿಮ್ಮ ಪ್ರಶ್ನೆ.

ಮೋಸವೇನೂ ಅಲ್ಲ, ಧಾರಾಳವಾಗಿ ಕೇಳಿ. ಆದರೆ ಉತ್ತರವನ್ನೇ ಕೇಳಬೇಡಿ, ಒಂದು ಅಕ್ಷರವನ್ನು ಕೇಳಿ. ಕನ್ನಡದ ಪದಬಂಧದಲ್ಲಿ ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ. ನಮ್ಮ ಒಂದೊಂದು ಚೌಕದಲ್ಲೂ ವ್ಯಂಜನ, ಸ್ವರ, ಒತ್ತು ಎಲ್ಲವೂ ಸೇರಿದ ಇಡೀ ಅಕ್ಷರ ಕೂರುತ್ತದೆ. ‘ಸ್ತ್ರೀ’ ಎಂಬುದಕ್ಕೂ ಒಂದೇ ಚೌಕ. ಹಾಗಾಗಿ ತುಂಬಿದ ಒಂದು ಚೌಕ ನಮಗೆ ಹೇಳುವಷ್ಟನ್ನು ಇಂಗ್ಲಿಷ್ ಪದಬಂಧದ ಒಂದು ಅಕ್ಷರ ಹೇಳಲಾರದು.

ನಿಮ್ಮ ಸಮುದ್ರವನ್ನೇ ತೆಗೆದುಕೊಳ್ಳಿ. ಸಾಗರ, ಕಡಲು, ಶರಧಿ, ಜಲಧಿ, ಉದಧಿ, ವಾರಿಧಿ, ಅಂಬುಧಿ, ಪಯೋಧಿ, ಅರ್ಣವ, ಮುನ್ನೀರು: ಇವೆಲ್ಲವೂ ಮೂರಕ್ಷರದವೇ. ಪಟ್ಟಿ ನೋಡಿದರೆ ಗಾಬರಿಯಾಗುತ್ತದೆ. ಈಗ ಪ್ರತಿ ಪದದ ನಡುವಿನ ಅಕ್ಷರವನ್ನು ಮಾತ್ರ ಓದಿ: ಗ, ಡ, ರ, ಲ, ದ, ರಿ, ಬು, ಯೋ, ರ್ಣ, ನ್ನೀ. ಹತ್ತು ಪದಗಳಿಗೆ ಹತ್ತು ಬೇರೆ ಬೇರೆ ಅಕ್ಷರಗಳು! ನಡುವಿನ ಚೌಕ ಗೊತ್ತಾದರೆ ಇವುಗಳಲ್ಲಿ ಒಂದೇ ಪದ ಉಳಿಯುತ್ತದೆ. ಅದೇ ಕೊನೆಯ ಚೌಕ ಗೊತ್ತಾಗಿ ಅದು ‘ಧಿ’ ಆಗಿದ್ದರೆ ಆರು ಪದಗಳು ಇನ್ನೂ ಉಳಿದಿರುತ್ತವೆ. ಆದ್ದರಿಂದ ಸಹಾಯ ಕೇಳುವ ಮೊದಲು ಯಾವ ಚೌಕದ ಬಗ್ಗೆ ಕೇಳಿದರೆ ಲಾಭ ಹೆಚ್ಚು ಎಂದು ಒಂದು ನಿಮಿಷ ಯೋಚಿಸಿ. ನಿಮ್ಮ ಬಳ್ಳಿಗೆ ಬೇಕಾದುದು ಎರಡಕ್ಷರದ ಸಂಸ್ಕೃತ ಪದ. ಕೊನೆಯ ಎಕಾರವನ್ನು ಆಕಾರ ಮಾಡಿ ಹೆಣ್ಣುಮಕ್ಕಳಿಗೆ ಹೆಸರಾಗಿಯೂ ಇಡುತ್ತೇವೆ. ಅದರ ಮೊದಲ ಅಕ್ಷರವನ್ನು ಮೇಲಿನ ಪಟ್ಟಿಗೆ ಹೊಂದಿಸಿದರೆ ನಿಮ್ಮ ಸಮುದ್ರವೂ ಸಿಕ್ಕಿಬಿಡುತ್ತದೆ.

ಇದೇ ಪಟ್ಟಿಯಲ್ಲಿ ಇನ್ನೊಂದು ಉಪಕಾರವಿದೆ. ಜಲ, ವಾರಿ, ಅಂಬು ಮೂರೂ ನೀರಿನ ಹೆಸರುಗಳು. ಇವುಗಳಿಗೆ ‘ಜ’ ಸೇರಿದರೆ ತಾವರೆ, ‘ದ’ ಸೇರಿದರೆ ಮೋಡ, ‘ಧಿ’ ಸೇರಿದರೆ ಸಮುದ್ರ. ಜಲಜ, ಜಲದ, ಜಲಧಿ, ಉಳಿದೆರಡಕ್ಕೂ ಹೀಗೆಯೇ. ‘ಮೋಡ (3)’ ಎಂಬ ಸುಳಿವು ಕಂಡರೆ ಕೊನೆಯ ಚೌಕದಲ್ಲಿ ಪೆನ್ಸಿಲಿನಿಂದ ‘ದ’ ಎಂದು ಹಗುರವಾಗಿ ಬರೆದು ಮುಂದುವರಿಯುವುದು ನನ್ನ ರೂಢಿ. ಸುಳಿವು ಕ್ರಿಯಾಪದವಾಗಿದ್ದರೂ ಹೀಗೆ ಮಾಡಬಹುದು. ‘ಹೊಗಳು (3)’ ಎಂದಿದ್ದರೆ ‘ಸ್ತುತಿಸು’ ಬರಬಹುದು, ‘ಕೊಂಡಾಡು’ ಬರಬಹುದು. ಹೇಗೂ ಕೊನೆಯಲ್ಲಿ ಉಕಾರವಿರುತ್ತದೆ. ಆ ಚೌಕದಲ್ಲಿ ಅಡ್ಡಹಾಯುವ ಪದ ‘ರಿ’ ಅಥವಾ ‘ನೆ’ ಕೊಡುತ್ತಿದ್ದರೆ ಎಲ್ಲೋ ಎಡವಟ್ಟಾಗಿದೆ ಎಂದು ಕೂಡಲೇ ತಿಳಿಯುತ್ತದೆ. ಹ್ರಸ್ವ, ದೀರ್ಘದಲ್ಲಿ ಮಾತ್ರ ರಾಜಿ ಮಾಡಿಕೊಳ್ಳಬೇಡಿ. ‘ಧಿ’ ಇರುವ ಚೌಕದಲ್ಲಿ ‘ಧೀರ’ನ ‘ಧೀ’ ಕೂರುವುದಿಲ್ಲ.

ಇನ್ನು ಯಾರನ್ನು ಕೇಳಬೇಕೆಂಬ ಮಾತು. ಮೊದಲು ಮನೆಯ ಹಿರಿಯರನ್ನು ಕೇಳಿ. ನಮ್ಮ ಅತ್ತೆಯವರಿಗೆ ಈಗ ಸಣ್ಣ ಅಕ್ಷರ ಕಾಣಿಸುವುದಿಲ್ಲ, ಅದಕ್ಕಾಗಿ ಸುಳಿವುಗಳನ್ನು ನಾನು ಗಟ್ಟಿಯಾಗಿ ಓದುತ್ತೇನೆ. ಅವರು ಎಂದೂ ಉತ್ತರವನ್ನು ನೇರವಾಗಿ ಹೇಳಿದವರಲ್ಲ. ‘ಅರ್ಜುನ (5)’ ಎಂದು ಓದಿದಾಗ, “ಅವನ ರಥಕ್ಕೆ ಕಟ್ಟಿದ ಕುದುರೆಗಳ ಬಣ್ಣ ಯಾವುದಮ್ಮಾ?” ಎಂದು ನನ್ನನ್ನೇ ಕೇಳಿದರು. ಶ್ವೇತವಾಹನ ಎಂಬ ಹೆಸರು ನನಗೆ ಮತ್ತೆ ಮರೆತುಹೋಗಲಿಲ್ಲ. ಬರೀ ಉತ್ತರ ಹೇಳಿದ್ದರೆ ಮರುದಿನಕ್ಕೆ ನೆನಪಿರುತ್ತಿರಲಿಲ್ಲ. ಆಮೇಲೆ ಅವರೇ ಉಳಿದ ಹೆಸರುಗಳನ್ನೂ ಹೇಳಿಸಿದರು: ಎರಡಕ್ಷರಕ್ಕೆ ಪಾರ್ಥ, ಜಿಷ್ಣು, ಮೂರಕ್ಕೆ ಕಿರೀಟಿ, ವಿಜಯ, ನಾಲ್ಕಕ್ಕೆ ಸವ್ಯಸಾಚಿ, ಧನಂಜಯ, ಗುಡಾಕೇಶ. ಗಾದೆಯ ಬಿಟ್ಟ ಸ್ಥಳ ತುಂಬುವ ಸುಳಿವುಗಳಿಗೂ ಹಿರಿಯರಷ್ಟು ಒಳ್ಳೆಯ ನೆರವು ಬೇರೆಲ್ಲೂ ಸಿಗದು. ಸಿನಿಮಾ, ಕ್ರಿಕೆಟ್‌ನ ಸುಳಿವುಗಳಿಗೆ ಮಕ್ಕಳನ್ನು ಕರೆಯಿರಿ. ಹೀಗೆ ನಾಲ್ಕು ಜನ ಕೂಡಿ ತುಂಬಿದ ಪದಬಂಧಕ್ಕೆ ಒಬ್ಬರೇ ತುಂಬಿದ್ದಕ್ಕಿಂತ ಬೆಲೆ ಹೆಚ್ಚು ಎಂದು ನಾನು ನಿಜವಾಗಿಯೂ ನಂಬಿದ್ದೇನೆ.

ಗೋಡೆಯ ಮೇಲೆ ಪಂಚಾಂಗವಿರುವ ಕ್ಯಾಲೆಂಡರ್ ಇದ್ದರೆ ಅದೂ ನಿಮ್ಮ ಸಹಾಯಕ. ‘ಒಂದು ನಕ್ಷತ್ರ (3)’, ‘ಒಂದು ಸಂವತ್ಸರ (4)’ ಎಂಬಂಥ ಸುಳಿವುಗಳು ಆಗಾಗ ಬರುತ್ತವೆ. ನಕ್ಷತ್ರಗಳು ಇಪ್ಪತ್ತೇಳೇ, ಸಂವತ್ಸರಗಳು ಅರವತ್ತೇ. ಪೂರ್ತಿ ಪಂಚಾಂಗವಿದ್ದರೆ ಸಂವತ್ಸರಗಳ ಪಟ್ಟಿಯೂ ಸಿಗುತ್ತದೆ. ಪ್ರಭವ, ವಿಭವ ಎರಡಕ್ಕೂ ಮೂರು ಚೌಕ, ಪರಾಭವಕ್ಕೆ ನಾಲ್ಕು. ಮೊದಲ ಅಕ್ಷರ ಸಿಕ್ಕರೆ ಪ್ರಭವವೋ ವಿಭವವೋ ಎಂಬ ಗೊಂದಲ ಮುಗಿಯಿತು.

ನಿಘಂಟಿನ ವಿಷಯದಲ್ಲಿ ಒಂದು ತೊಡಕಿದೆ. ನಿಘಂಟು ಪದದಿಂದ ಅರ್ಥಕ್ಕೆ ಹೋಗುತ್ತದೆ, ಪದಬಂಧ ಬಿಡಿಸುವವರಿಗೆ ಅರ್ಥದಿಂದ ಪದಕ್ಕೆ ಹೋಗುವ ದಾರಿ ಬೇಕು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಾಗಲಿ, 1894ರ ಕಿಟೆಲ್ ನಿಘಂಟಾಗಲಿ ಎಷ್ಟೇ ದೊಡ್ಡದಾಗಿದ್ದರೂ ‘ಸಮುದ್ರಕ್ಕೆ ಮೂರಕ್ಷರದ ಪದ ಕೊಡು’ ಎಂದರೆ ಕೊಡಲಾರದು. ಆ ಕೆಲಸಕ್ಕೆ ಹೇಳಿ ಮಾಡಿಸಿದ ಪುಸ್ತಕ ಸಂಸ್ಕೃತದ ಸಮಾನಾರ್ಥಕ ಪದಗಳ ಕೋಶವಾದ ಅಮರಕೋಶ. ಕನ್ನಡ ಅರ್ಥವಿರುವ ಒಂದು ಪ್ರತಿಯನ್ನು ಕೊಂಡಿಟ್ಟುಕೊಳ್ಳಿ. ಅದರಲ್ಲಿ ಪದಗಳನ್ನು ವಿಷಯವಾರು ವಿಂಗಡಿಸಿದ್ದಾರೆ. ವಾರಿವರ್ಗ ತೆರೆದರೆ ಉದಧಿ, ಸಿಂಧು, ಸಾಗರ, ಅರ್ಣವ, ರತ್ನಾಕರ ಎಲ್ಲವೂ ಒಂದೇ ಕಡೆ ಸಾಲಾಗಿ ನಿಂತಿರುತ್ತವೆ. ಕಡಲು, ಮುನ್ನೀರುಗಳಂಥ ಅಚ್ಚಗನ್ನಡ ಪದಗಳು ಅಲ್ಲಿ ಸಿಗುವುದಿಲ್ಲ, ತದ್ಭವಗಳೂ ಅಷ್ಟೆ. ಸ್ನೇಹಕ್ಕೆ ನೇಹ, ರತ್ನಕ್ಕೆ ರನ್ನ, ಪುಸ್ತಕಕ್ಕೆ ಹೊತ್ತಗೆ, ಕ್ಷಣಕ್ಕೆ ಚಣ ಎಂದು ಶಾಲೆಯ ವ್ಯಾಕರಣ ಪುಸ್ತಕದಲ್ಲಿದ್ದ ಪಟ್ಟಿಯನ್ನು ಮತ್ತೊಮ್ಮೆ ಓದಿಕೊಳ್ಳಿ.

ಅಂತರ್ಜಾಲದಲ್ಲಿ ನಾನು ಬಳಸುವುದು ಅಲರ್ ಎಂಬ ಕನ್ನಡ–ಇಂಗ್ಲಿಷ್ ನಿಘಂಟನ್ನು. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂಡಿಸಿದ ನಿಘಂಟು ಅದು, ಸುಮಾರು ಒಂದೂವರೆ ಲಕ್ಷ ಪದಗಳಿವೆ, ಎಲ್ಲರಿಗೂ ಉಚಿತ. ಊಹಿಸಿದ ಪದ ನಿಜವಾಗಿಯೂ ಇದೆಯೇ, ಅದಕ್ಕೆ ಆ ಅರ್ಥವಿದೆಯೇ ಎಂದು ಖಚಿತಪಡಿಸಿಕೊಳ್ಳಲು ಇದು ಬಹಳ ಒಳ್ಳೆಯದು. ಅಕ್ಷರಗಳ ಸಂಖ್ಯೆ ಕೊಟ್ಟು ಪದ ಹುಡುಕುವ ಇಂಗ್ಲಿಷ್ ತಂತ್ರಾಂಶಗಳನ್ನು ಮಾತ್ರ ಕನ್ನಡಕ್ಕೆ ನೆಚ್ಚಿಕೊಳ್ಳಬೇಡಿ. ನಮಗೆ ಒಂದೇ ಚೌಕದ ‘ಸ್ತ್ರೀ’ ಯೂನಿಕೋಡ್‌ನಲ್ಲಿ ಆರು ಸಂಕೇತಗಳಾಗಿ ಕುಳಿತಿರುತ್ತದೆ, ಹಾಗಾಗಿ ಎಣಿಕೆ ತಪ್ಪುತ್ತದೆ. ಕೃತಕ ಬುದ್ಧಿಮತ್ತೆಯನ್ನು ಕೇಳಿದಾಗಲೂ ಅರ್ಥ ಸರಿಯಿದ್ದು ಚೌಕಗಳ ಲೆಕ್ಕ ಹೊಂದದ ಉತ್ತರಗಳು ನನಗೆ ಸಿಕ್ಕಿವೆ. ಬಂದ ಪದವನ್ನು ಬೆರಳು ಮಡಚಿ ಎಣಿಸಿಯೇ ತುಂಬಿ.

ಮರುದಿನದ ಪತ್ರಿಕೆಯಲ್ಲಿ ಬರುವ ಉತ್ತರವನ್ನು ಹೆಚ್ಚಿನವರು ನೋಡಿ ಮಡಚಿಡುತ್ತಾರೆ. ಅಲ್ಲೇ ಕಲಿಕೆ ಇರುವುದು. ಬಿಡಿಸಲಾಗದ ಸುಳಿವನ್ನೂ ಉತ್ತರವನ್ನೂ ನೋಟ್‌ಬುಕ್‌ನಲ್ಲಿ ಬರೆದಿಡಿ, ಪಕ್ಕದಲ್ಲಿ ಚೌಕಗಳ ಸಂಖ್ಯೆಯಿರಲಿ. ಕೆಲವು ವಾರಗಳಲ್ಲಿ ಪದಬಂಧ ರಚಿಸುವವರ ಅಭ್ಯಾಸಗಳು ನಿಮಗೆ ಕಾಣತೊಡಗುತ್ತವೆ: ಒಬ್ಬರಿಗೆ ಪುರಾಣ ಇಷ್ಟ, ಇನ್ನೊಬ್ಬರು ಅಕ್ಷರಗಳನ್ನು ಹಿಂದುಮುಂದು ಮಾಡಿ ಕೊಡುತ್ತಾರೆ. ಹೆಚ್ಚಿನ ಅಭ್ಯಾಸ ಬೇಕೆನಿಸಿದರೆ ಸಾವಿರಾರು ಕನ್ನಡ ಪದಬಂಧಗಳನ್ನು ರಚಿಸಿರುವ ಅ.ನಾ. ಪ್ರಹ್ಲಾದರಾವ್ ಅವರ ಪದಬಂಧಗಳು ಪುಸ್ತಕಗಳಾಗಿಯೂ ಬಂದಿವೆ.

ಉಳಿದ ಮೂಲೆಯೂ ತುಂಬದಿದ್ದರೆ ಇಲ್ಲೇ ಕೇಳಿ. ಸುಳಿವಿನ ಜೊತೆಗೆ ಎಷ್ಟು ಚೌಕ, ಯಾವ ಅಕ್ಷರ ಈಗಾಗಲೇ ತುಂಬಿದೆ, ಅದು ಎಷ್ಟನೆಯ ಚೌಕ ಎಂದು ಬರೆಯಿರಿ. ಮೊದಲು ಒಂದು ಅಕ್ಷರ ಹೇಳುತ್ತೇನೆ. ಸಂಜೆಯವರೆಗೂ ಬಿಡಿಸಲಾಗದಿದ್ದರೆ ಇನ್ನೊಂದು ಹೇಳುತ್ತೇನೆ.